ಕೇಳಿದ ಬೆಲೆ, ಕೊಡಬಹುದಾದ ಬೆಲೆ

2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ಸ್ಥಿರಾಸ್ತಿಯ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಎಲ್ಲವೂ ಸೇರಿ, ನಗರ ಪ್ರದೇಶದಲ್ಲಿ 45 ಲಕ್ಷ ರೂಪಾಯಿ ಮೀರಿದ ಮನೆಗೆ ಬೆಲೆಯ ಶೇ 7.6ರಷ್ಟನ್ನು ಸರ್ಕಾರಕ್ಕೆ ಕಟ್ಟಬೇಕಾಗಿದೆ. ಒಂದು ಕೋಟಿಯ ಮನೆಗೆ ಇದರಿಂದ ಒಂದು ಲಕ್ಷ ಹೆಚ್ಚುವರಿ ಹೊರೆ. ಇದರ ಬಗ್ಗೆ ಮಧ್ಯಮ ವರ್ಗ ವ್ಯಕ್ತಪಡಿಸಿದ ಅಸಮಾಧಾನ ನ್ಯಾಯವಾದದ್ದೇ. ಆದರೆ ಈ ಒಂದು ಲಕ್ಷಕ್ಕೆ ಮರುಗಿದ ಕುಟುಂಬಗಳೇ, ಮನೆಯ ಮಾಲೀಕರು ಹೇಳಿದ ಬೆಲೆಯಲ್ಲಿ ಹತ್ತು ಹದಿನೈದು ಲಕ್ಷ ಅನಗತ್ಯವಾಗಿ ಸೇರಿಕೊಂಡಿದೆಯೇ ಎಂಬ ಪ್ರಶ್ನೆಯನ್ನು ಅಷ್ಟೇ ಶ್ರದ್ಧೆಯಿಂದ ಕೇಳಿಕೊಳ್ಳುವುದು ಕಡಿಮೆ. ಗಾಂಧಿ ಬಜಾರಿನಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡುವವರು ಮನೆಯ ವ್ಯವಹಾರಕ್ಕೆ ಕೂತಾಗ ಸಂಕೋಚದಿಂದ ಕುಗ್ಗಿಹೋಗುತ್ತಾರೆ. ಇಲ್ಲವೇ ಯಾವ ಆಧಾರವೂ ಇಲ್ಲದೆ ಅರ್ಧ ಬೆಲೆಗೆ ಕೇಳಿ, ಮಾತು ಮುರಿದುಕೊಂಡು ಬರುತ್ತಾರೆ.

ಎರಡಕ್ಕೂ ಮೂಲ ಒಂದೇ. ಮಾಲೀಕರು ಹೇಳುವ ಬೆಲೆಯನ್ನೇ ಮನೆಯ ಬೆಲೆ ಎಂದು ನಾವು ಭಾವಿಸುತ್ತೇವೆ. ಅದು ಅವರ ಆಸೆ ಮಾತ್ರ. ಒಪ್ಪಬಹುದಾದ ಪ್ರಸ್ತಾಪವೊಂದನ್ನು ಅವರ ಮುಂದಿಡಬೇಕಾದರೆ ಆ ಆಸೆಯಿಂದ ಶೇ 10 ಕಡಿತ ಮಾಡಿ ನೋಡುವುದಲ್ಲ. ಆ ಅಂಕಿಯನ್ನು ಬದಿಗಿಟ್ಟು ಕೆಳಗಿನಿಂದ ಮೇಲಕ್ಕೆ ಹೊಸದಾಗಿ ಲೆಕ್ಕ ಕಟ್ಟಬೇಕು. ಹೇಳಲು ಸುಲಭವಾದ ಈ ಮಾತನ್ನು ಬೆಂಗಳೂರಿನಂತಹ ನಗರದಲ್ಲಿ ಆಚರಿಸುವುದು ಕಷ್ಟ. ಅದಕ್ಕೆ ಕೊಳ್ಳುವವರ ಸಂಕೋಚದ ಜೊತೆಗೆ ಸರ್ಕಾರದ ಮೌನವೂ ಕಾರಣ ಎಂಬುದನ್ನು ಈ ಲೇಖನದ ಕೊನೆಯ ಭಾಗದಲ್ಲಿ ವಿವರಿಸುತ್ತೇನೆ.

ಮೊದಲು ಕೇಳಿದ ಅಂಕಿ ನಮ್ಮ ಮನಸ್ಸಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಗಮನಿಸಬೇಕು. 1987ರಲ್ಲಿ ಪ್ರಕಟವಾದ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಸಂಶೋಧಕರ ಅಧ್ಯಯನವೊಂದು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ಅವರು ಒಂದೇ ಮನೆಯನ್ನು ಹಲವರಿಗೆ ತೋರಿಸಿ, ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ‘ಕೇಳಿದ ಬೆಲೆ’ ತಿಳಿಸಿ, ಮನೆಗೆ ಬೆಲೆ ಕಟ್ಟಲು ಹೇಳಿದರು. ವಿದ್ಯಾರ್ಥಿಗಳಷ್ಟೇ ಅಲ್ಲ, ವರ್ಷಗಟ್ಟಲೆ ಅದೇ ವೃತ್ತಿಯಲ್ಲಿದ್ದ ದಲ್ಲಾಳಿಗಳೂ ತಮಗೆ ತಿಳಿಸಿದ ಅಂಕಿಯ ಕಡೆಗೇ ವಾಲಿದರು. ದಲ್ಲಾಳಿಗಳ ಪೈಕಿ ಹೆಚ್ಚಿನವರು ತಮ್ಮ ಮೇಲೆ ಆ ಅಂಕಿಯ ಪ್ರಭಾವ ಇದ್ದುದನ್ನು ಒಪ್ಪಲಿಲ್ಲ ಎಂಬುದು ಇನ್ನೂ ಸ್ವಾರಸ್ಯಕರ.

ಮಾರುವವರ ಮನಸ್ಸು ಬೇರೆಯ ರೀತಿಯದು. 1990ರ ದಶಕದ ಬಾಸ್ಟನ್ ನಗರದ ಫ್ಲ್ಯಾಟುಗಳ ಮಾರಾಟವನ್ನು ಅಭ್ಯಸಿಸಿದ ಜೆನೆಸೋವ್ ಮತ್ತು ಮೇಯರ್ 2001ರಲ್ಲಿ ತೋರಿಸಿದ್ದೇನೆಂದರೆ, ತಾವು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾದ ಸ್ಥಿತಿಯಲ್ಲಿದ್ದವರು ಇತರರಿಗಿಂತ ಹೆಚ್ಚು ಬೆಲೆ ಹೇಳುತ್ತಿದ್ದರು ಮತ್ತು ಹೆಚ್ಚು ಕಾಲ ಕಾಯುತ್ತಿದ್ದರು. ಮಾರುಕಟ್ಟೆಗೆ ಅವರು ಎಷ್ಟಕ್ಕೆ ಕೊಂಡಿದ್ದರೆಂಬುದು ಸಂಬಂಧವೇ ಇಲ್ಲದ ಸಂಗತಿ. ಅವರಿಗೆ ಅದೇ ಸರ್ವಸ್ವ. ನಮ್ಮಲ್ಲಿ ಕೊಂಡ ಬೆಲೆಯ ಜಾಗದಲ್ಲಿ ಪಕ್ಕದ ಮನೆಯ ಬೆಲೆ ಕೂತಿದೆ. ‘ಹಿಂದಿನ ರಸ್ತೆಯದು ಒಂದೂವರೆ ಕೋಟಿಗೆ ಹೋಯಿತು ಸ್ವಾಮಿ’ ಎಂಬ ಮಾತನ್ನು ಮನೆ ಹುಡುಕಿದ ಯಾರು ಕೇಳಿಲ್ಲ? ಹಿಂದಿನ ರಸ್ತೆಯ ಮನೆಯ ಕ್ರಯಪತ್ರವನ್ನು ನೋಡಿದವರು ಮಾತ್ರ ಯಾರೂ ಇರುವುದಿಲ್ಲ.

ಇದರ ಜೊತೆಗೆ ನಮ್ಮ ನಗರಗಳಿಗೇ ವಿಶಿಷ್ಟವಾದ ಸ್ಥಿತಿಯೊಂದಿದೆ. ಮನೆಯನ್ನು ಖಾಲಿ ಇಟ್ಟುಕೊಂಡರೆ ಮಾಲೀಕರಿಗೆ ತಟ್ಟುವ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಬಡಾವಣೆಗಳಲ್ಲಿ ಬಹುತೇಕ ಮನೆಗಳ ಮೇಲೆ ಸಾಲವಿಲ್ಲ. ಆಸ್ತಿ ತೆರಿಗೆ ಮನೆಯ ಮೌಲ್ಯಕ್ಕೆ ಹೋಲಿಸಿದರೆ ಅತ್ಯಲ್ಪ. 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. 2017-18ರ ಕೇಂದ್ರದ ಆರ್ಥಿಕ ಸಮೀಕ್ಷೆ ಇದನ್ನೇ ಎತ್ತಿ ತೋರಿಸಿತ್ತು. ಕಾಯಲು ಖರ್ಚಿಲ್ಲದ ಮಾರಾಟಗಾರ ಬೆಲೆ ಇಳಿಸುವುದಿಲ್ಲ, ಸುಮ್ಮನೆ ಕಾಯುತ್ತಾನೆ. ಹೀಗಾಗಿ ಬೇಡಿಕೆ ಕುಸಿದಾಗ ತರಕಾರಿಯ ಬೆಲೆ ಇಳಿದಂತೆ ಮನೆಯ ಬೆಲೆ ಇಳಿಯದು. ವ್ಯವಹಾರಗಳು ನಿಂತುಹೋಗುತ್ತವೆ, ಹೇಳುವ ಬೆಲೆ ಮಾತ್ರ ಹಾಗೆಯೇ ಇರುತ್ತದೆ. ಆದುದರಿಂದ ಎಷ್ಟು ದಿನಗಳಿಂದ ಈ ಮನೆ ಮಾರಾಟಕ್ಕಿದೆ, ಮಾಲೀಕರು ಯಾವ ಕಾರಣಕ್ಕೆ ಮಾರುತ್ತಿದ್ದಾರೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಬೆಲೆಯ ಮಾತಿಗೆ ಕೂರಲೇಬಾರದು. ಮಗಳ ಮದುವೆಗೋ, ಅಣ್ಣತಮ್ಮಂದಿರ ಪಾಲಿಗೋ, ವಿದೇಶದಲ್ಲಿರುವ ಮಗನ ಒತ್ತಾಯಕ್ಕೋ ಮಾರುವವರಿಗೆ ಕಾಲದ ಬೆಲೆ ಗೊತ್ತಿರುತ್ತದೆ. ‘ಒಳ್ಳೆಯ ಬೆಲೆ ಬಂದರೆ ಕೊಡೋಣ’ ಎನ್ನುವವರ ಮನೆಯನ್ನು ನೋಡಿ ಕಾಫಿ ಕುಡಿದು ಬರಬಹುದು, ಅಷ್ಟೇ.

ಇನ್ನು ಲೆಕ್ಕ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ದಕ್ಷಿಣ ಬೆಂಗಳೂರಿನ ಬಡಾವಣೆಯೊಂದರಲ್ಲಿ ಹದಿನೈದು ವರ್ಷ ಹಳೆಯ, ಎರಡು ಮಲಗುವ ಕೋಣೆಗಳ ಫ್ಲ್ಯಾಟ್. ವಿಸ್ತೀರ್ಣ 1,200 ಚದರಡಿ ಎನ್ನುತ್ತಾರೆ. ಅದು ಮೆಟ್ಟಿಲು, ಲಿಫ್ಟು, ಓಣಿ ಎಲ್ಲವನ್ನೂ ಹಂಚಿ ಸೇರಿಸಿದ ಸೂಪರ್ ಬಿಲ್ಟ್‌ಅಪ್ ಲೆಕ್ಕ. ಕಾಲಿಟ್ಟು ನಡೆಯಬಹುದಾದ ಕಾರ್ಪೆಟ್ ವಿಸ್ತೀರ್ಣ 860 ಚದರಡಿ. ಮಾಲೀಕರು ಕೇಳುತ್ತಿರುವುದು 1 ಕೋಟಿ 20 ಲಕ್ಷ. ಚದರಡಿಗೆ ಹತ್ತು ಸಾವಿರವಲ್ಲವೇ ಎಂದು ದಲ್ಲಾಳಿ ಹೇಳುತ್ತಾರೆ. ಕಾರ್ಪೆಟ್ ಲೆಕ್ಕದಲ್ಲಿ ಅದು ಸುಮಾರು 14 ಸಾವಿರ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ನಾವು ರೇರಾ ಎನ್ನುವುದು, ಹೊಸ ಯೋಜನೆಗಳಲ್ಲಿ ಕಾರ್ಪೆಟ್ ವಿಸ್ತೀರ್ಣವನ್ನೇ ಆಧಾರವಾಗಿಸಿದೆ. ಹಳೆಯ ಫ್ಲ್ಯಾಟುಗಳ ಮಾತುಕತೆಯಲ್ಲಿ ಇನ್ನೂ ಹಳೆಯ ಅಳತೆಯೇ ಓಡಾಡುತ್ತಿದೆ. ಎರಡು ಮನೆಗಳನ್ನು ಹೋಲಿಸುವಾಗ ಅಳತೆ ಒಂದೇ ಆಗಿರಬೇಕು.

ಮೊದಲನೆಯ ಒರೆಗಲ್ಲು ಬಾಡಿಗೆ. ಬಾಡಿಗೆಯಲ್ಲಿ ಆಸೆಗೆ, ವದಂತಿಗೆ ಎಡೆ ಕಡಿಮೆ. ತಿಂಗಳು ತಿಂಗಳು ಯಾರೋ ಒಬ್ಬರು ನಿಜವಾಗಿ ಕೊಡುವ ಹಣ ಅದು. ಈ ಫ್ಲ್ಯಾಟಿಗೆ ತಿಂಗಳಿಗೆ 32,000 ರೂಪಾಯಿ ಬಾಡಿಗೆ ಬರುತ್ತದೆಂದುಕೊಂಡರೆ ವರ್ಷಕ್ಕೆ 3.84 ಲಕ್ಷ. ಕೇಳಿದ ಬೆಲೆಯ ಮೇಲೆ ಇದು ಶೇ 3.2. ಅದೇ ಪ್ರದೇಶದ ಇಂತಹ ಇತರ ಫ್ಲ್ಯಾಟುಗಳಲ್ಲಿ ಈ ಪ್ರಮಾಣ ಶೇ 3.5 ಇದ್ದರೆ, ಅದರ ಪ್ರಕಾರ ಈ ಮನೆಯ ಬೆಲೆ ಸುಮಾರು 1 ಕೋಟಿ 10 ಲಕ್ಷ. ಬಾಡಿಗೆಯೊಂದನ್ನೇ ನೋಡಿದರೆ ಭಾರತದ ಮಹಾನಗರಗಳಲ್ಲಿ ಯಾರೂ ಮನೆ ಕೊಳ್ಳಬಾರದು ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪದಲ್ಲಿ ಹುರುಳಿದೆ. ಕೊಳ್ಳಬೇಕೋ ಬೇಡವೋ ಎಂಬುದನ್ನು ಇಲ್ಲಿ ಬಾಡಿಗೆ ನಿರ್ಧರಿಸುತ್ತಿಲ್ಲ. ಅಕ್ಕಪಕ್ಕದ ಮನೆಗಳಿಗೆ ಹೋಲಿಸಿದರೆ ಈ ಮನೆಯ ಬೆಲೆ ಎಷ್ಟು ಉಬ್ಬಿದೆ ಎಂಬುದನ್ನು ಅದು ಹೇಳುತ್ತದೆ, ನಮಗೆ ಸದ್ಯಕ್ಕೆ ಬೇಕಾದದ್ದು ಅಷ್ಟೇ.

ಎರಡನೆಯದು ನೆಲ ಮತ್ತು ಕಟ್ಟಡದ ಲೆಕ್ಕ. ಕಟ್ಟಡ ನಿಂತಿರುವುದು 9,600 ಚದರಡಿ ನಿವೇಶನದಲ್ಲಿ, ಅದರಲ್ಲಿ 16 ಫ್ಲ್ಯಾಟುಗಳಿವೆ ಎಂದಿಟ್ಟುಕೊಳ್ಳಿ. ಸಮನಾಗಿ ಹಂಚಿದರೆ ನೆಲದಲ್ಲಿ ನಮ್ಮ ಅವಿಭಾಜ್ಯ ಪಾಲು 600 ಚದರಡಿ. ನೆಲದ ದರ ಚದರಡಿಗೆ 11,000 ಎಂದರೆ 66 ಲಕ್ಷ. ಅಂತಹ ಕಟ್ಟಡವನ್ನು ಇಂದು ಕಟ್ಟಲು ಚದರಡಿಗೆ 2,500ರಂತೆ 30 ಲಕ್ಷ. ಅರವತ್ತು ವರ್ಷದ ಆಯುಸ್ಸಿನಲ್ಲಿ ಕಾಲುಭಾಗ ಮುಗಿದಿರುವುದರಿಂದ 22.5 ಲಕ್ಷ. ಒಟ್ಟು 88.5 ಲಕ್ಷ. ಹೆಚ್ಚು ಅಂತಸ್ತಿನ ಗೋಪುರಗಳಲ್ಲಿ ನೆಲದ ಪಾಲು ಇನ್ನೂರು ಮುನ್ನೂರು ಚದರಡಿಗೆ ಇಳಿದಿರುತ್ತದೆ. ಅಂಥಲ್ಲಿ ನಾವು ಹೆಚ್ಚಾಗಿ ಕೊಳ್ಳುವುದು ಸವೆಯುವ ಕಟ್ಟಡವನ್ನು, ಬೆಳೆಯುವ ನೆಲವನ್ನಲ್ಲ. ಹಳೆಯ, ಕಡಿಮೆ ಅಂತಸ್ತಿನ ಫ್ಲ್ಯಾಟು ಮಂಕಾಗಿ ಕಂಡರೂ ನೆಲದ ದೃಷ್ಟಿಯಿಂದ ಮೇಲು ಎಂದು ಹೇಳುವುದು ಇದೇ ಕಾರಣಕ್ಕೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಅದೇ ಕಟ್ಟಡದಲ್ಲಿ ಅಥವಾ ಅದೇ ರಸ್ತೆಯಲ್ಲಿ ಇತ್ತೀಚೆಗೆ ನಡೆದ ನಿಜವಾದ ಮಾರಾಟ. ಕೆಳಗಿನ ಅಂತಸ್ತಿನ ಅಷ್ಟೇ ಅಳತೆಯ ಫ್ಲ್ಯಾಟು ಎಂಟು ತಿಂಗಳ ಹಿಂದೆ 1 ಕೋಟಿ 6 ಲಕ್ಷಕ್ಕೆ ಮಾರಾಟವಾಗಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಈ ಎಂಟು ತಿಂಗಳ ಏರಿಕೆಗೆ ಒಂದಿಷ್ಟು ಕೂಡಿಸಬೇಕು. ನಮ್ಮ ಫ್ಲ್ಯಾಟಿನ ಹಳೆಯ ವೈರಿಂಗು, ಸ್ನಾನಗೃಹದ ಸೋರಿಕೆ, ಅಡುಗೆಮನೆಯ ದುರಸ್ತಿಗೆ ತಗಲುವ ನಾಲ್ಕು ಲಕ್ಷವನ್ನು ಕಳೆಯಬೇಕು. ಈ ಮೂರೂ ದಾರಿಗಳಲ್ಲಿ ನಡೆದು ಬಂದವರಿಗೆ 1 ಕೋಟಿಯಿಂದ ಮಾತು ಆರಂಭಿಸಿ 1 ಕೋಟಿ 6 ಲಕ್ಷಕ್ಕೆ ನಿಲ್ಲಿಸುವುದು ಸಮಂಜಸ ಎಂದು ಕಾಣುತ್ತದೆ. ಕೇಳಿದ ಬೆಲೆಗೂ ಈ ಮಿತಿಗೂ ಹದಿನಾಲ್ಕು ಲಕ್ಷದ ಅಂತರ.

ಆ ಹದಿನಾಲ್ಕು ಲಕ್ಷ ಎಂದರೆ ನಿಜಕ್ಕೂ ಎಷ್ಟು? ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷ ಮೀರಿದ ಗೃಹಸಾಲದಲ್ಲಿ ಬ್ಯಾಂಕು ಮನೆಯ ಮೌಲ್ಯದ ಶೇ 75ರವರೆಗೆ ಮಾತ್ರ ಕೊಡಬಹುದು. ಹದಿನಾಲ್ಕರಲ್ಲಿ ಹತ್ತೂವರೆ ಲಕ್ಷ ಸಾಲವಾದರೆ, ಶೇ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 9,100 ರೂಪಾಯಿ ಹೆಚ್ಚುತ್ತದೆ. ಅದು ಒಟ್ಟು 21.8 ಲಕ್ಷ. ಕೈಯಿಂದ ಹಾಕುವ ಮೂರೂವರೆ ಲಕ್ಷ, ನೋಂದಣಿಯ ಬಾಬ್ತಿನ ಒಂದು ಲಕ್ಷ ಸೇರಿಸಿದರೆ 26 ಲಕ್ಷ ದಾಟುತ್ತದೆ. ಎರಡು ವಾರದ ಮಾತುಕತೆಯ ಮುಜುಗರವನ್ನು ತಪ್ಪಿಸಿಕೊಳ್ಳಲು ತೆರುವ ಬೆಲೆ ಇದು. ಮಕ್ಕಳ ವಿದ್ಯಾಭ್ಯಾಸದ ಹಣ, ನಿವೃತ್ತಿಯ ಇಡುಗಂಟು ಕರಗುವುದು ಹೀಗೆಯೇ.

ಇದಲ್ಲದೆ ಬ್ಯಾಂಕು ಸಾಲ ಕೊಡುವಾಗ ತನ್ನದೇ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸುತ್ತದೆ. ಅವರು ಒಂದು ಕೋಟಿ ಎಂದರೆ ನಾವು ಒಪ್ಪಿಕೊಂಡ ಬೆಲೆ ಎಷ್ಟೇ ಇರಲಿ, ಸಾಲ 75 ಲಕ್ಷಕ್ಕೆ ನಿಲ್ಲುತ್ತದೆ. ಮುದ್ರಾಂಕ ಮತ್ತು ನೋಂದಣಿ ವೆಚ್ಚವನ್ನೂ ಇಷ್ಟು ದೊಡ್ಡ ಮನೆಗಳಲ್ಲಿ ಆ ಮೌಲ್ಯಕ್ಕೆ ಸೇರಿಸುವಂತಿಲ್ಲ. 1 ಕೋಟಿ 6 ಲಕ್ಷದ ಮನೆಗೆ ಪೂರ್ಣ ಸಾಲ ದೊರೆತರೂ ಸ್ವಂತ ಪಾಲು, ಶುಲ್ಕ, ದುರಸ್ತಿ, ದಲ್ಲಾಳಿಯ ಶೇ 1 ಎಲ್ಲ ಕೂಡಿ ಕೈಯಲ್ಲಿ ಸುಮಾರು 40 ಲಕ್ಷ ಇರಬೇಕು. ತಿಂಗಳ ಕಂತು 69 ಸಾವಿರ, ಅಂದರೆ ಅದೇ ಮನೆಯ ಬಾಡಿಗೆಯ ಎರಡರಷ್ಟಕ್ಕೂ ಹೆಚ್ಚು. ಮನೆಯ ಯೋಗ್ಯ ಬೆಲೆ ಒಂದು, ನಮ್ಮ ಶಕ್ತಿಯ ಬೆಲೆ ಇನ್ನೊಂದು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ.

ಚೌಕಾಸಿಗೆ ಕೆಳಗಿನ ಮಿತಿಯೂ ಒಂದಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಅದು ಸರ್ಕಾರದ ಮಾರ್ಗಸೂಚಿ ದರ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಡಿ ಕೇಂದ್ರ ಮೌಲ್ಯಮಾಪನ ಸಮಿತಿ ರಸ್ತೆವಾರು, ಬಡಾವಣೆವಾರು ಇದನ್ನು ನಿಗದಿ ಮಾಡುತ್ತದೆ. ಕ್ರಯದ ಮೊತ್ತ, ಮಾರ್ಗಸೂಚಿ ದರ ಇವೆರಡರಲ್ಲಿ ಹೆಚ್ಚಿನದರ ಮೇಲೆ ಮುದ್ರಾಂಕ ಶುಲ್ಕ ಬೀಳುತ್ತದೆ. ಆದಾಯ ತೆರಿಗೆಯ ತೊಡಕು ಇನ್ನೂ ದೊಡ್ಡದು. ಮಾರ್ಗಸೂಚಿ ಮೌಲ್ಯವು ಕ್ರಯದ ಮೊತ್ತವನ್ನು ಶೇ 10ಕ್ಕಿಂತ ಹೆಚ್ಚು ಮೀರಿದರೆ, ಮಾರುವವರು ಆ ಹೆಚ್ಚಿನ ಬೆಲೆಯನ್ನೇ ಪಡೆದರೆಂದು ಭಾವಿಸಿ ತೆರಿಗೆ ವಿಧಿಸಲಾಗುತ್ತದೆ. ಕೊಂಡವರಿಗೆ ಆ ವ್ಯತ್ಯಾಸ ಆದಾಯವೆಂದು ಪರಿಗಣಿತವಾಗುತ್ತದೆ. 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ದರಗಳು ಜಾರಿಗೆ ಬಂದ ಮೇಲೆ, ವ್ಯಾಪಾರ ಮಂದವಾಗಿರುವ ಕಡೆಗಳಲ್ಲಿ ಮಾರ್ಗಸೂಚಿ ದರವೇ ಮಾರುಕಟ್ಟೆಯನ್ನು ಸಮೀಪಿಸಿದೆ. ಅಂಥಲ್ಲಿ ಹುರುಪಿನಿಂದ ಬೆಲೆ ಇಳಿಸಿಕೊಂಡು ಬಂದು ಆಮೇಲೆ ನೋಟಿಸು ಬಂದಾಗ ಪೇಚಾಡುವಂತಾಗಬಾರದು. ಮಾರ್ಗಸೂಚಿ ದರ ಅನ್ಯಾಯವಾಗಿ ಹೆಚ್ಚಿದೆ ಎನಿಸಿದರೆ ಜಿಲ್ಲಾ ನೋಂದಣಾಧಿಕಾರಿಗಳ ಮುಂದೆ ಮೌಲ್ಯ ನಿರ್ಧಾರಕ್ಕೆ ಅವಕಾಶವಿದೆ. ಆ ದಾರಿ ಹಿಡಿಯುವಷ್ಟು ತಾಳ್ಮೆ ಇರುವವರು ವಿರಳ.

ಈಗ ಈ ವ್ಯವಹಾರದ ಅತ್ಯಂತ ಕೊಳಕು ಭಾಗಕ್ಕೆ ಬರೋಣ. ನಾವು ಬೆಲೆ ಇಳಿಸಿ ಕೇಳಿದೊಡನೆ ಎದುರಿನಿಂದ ಬರುವ ಸಾಮಾನ್ಯ ಉತ್ತರ: ‘ಆಗಲಿ, 1 ಕೋಟಿ 8 ಲಕ್ಷಕ್ಕೆ ಮುಗಿಸೋಣ. ಆದರೆ ಪತ್ರದಲ್ಲಿ ಎಂಬತ್ತು, ಉಳಿದದ್ದು ನಗದು.’ ಇದನ್ನು ಹನ್ನೆರಡು ಲಕ್ಷದ ರಿಯಾಯಿತಿ ಎಂದು ಭಾವಿಸಿ ಸಂತೋಷಪಡುವವರು ಕಾಗದ ಪೆನ್ಸಿಲು ಹಿಡಿದು ಕೂರಬೇಕು. ಪತ್ರದ ಬೆಲೆ 80 ಲಕ್ಷವಾದರೆ ಸಾಲ ಹೆಚ್ಚೆಂದರೆ 60 ಲಕ್ಷದ ಆಸುಪಾಸು. ಉಳಿದ 20 ಲಕ್ಷ, ನಗದಿನ 28 ಲಕ್ಷ, ಶುಲ್ಕದ 6 ಲಕ್ಷ ಸೇರಿ 54 ಲಕ್ಷವನ್ನು ಕೈಯಿಂದ ಹೊಂದಿಸಬೇಕು. ಪೂರ್ಣ ಬೆಲೆಯನ್ನು ಪತ್ರದಲ್ಲಿ ತೋರಿಸಿದ್ದರೆ ಬೇಕಾಗುತ್ತಿದ್ದುದು 35 ಲಕ್ಷ. ಶುಲ್ಕದಲ್ಲಿ ಉಳಿಯುವುದು ಸುಮಾರು 2 ಲಕ್ಷ 13 ಸಾವಿರ. ಮುಂದೊಂದು ದಿನ ಇದೇ ಮನೆಯನ್ನು ಮಾರುವಾಗ ನಮ್ಮ ಕೊಂಡ ಬೆಲೆ 80 ಲಕ್ಷ ಎಂದೇ ದಾಖಲೆ ಹೇಳುತ್ತದೆ. ಮುಚ್ಚಿಟ್ಟ 28 ಲಕ್ಷ ಆಗ ನಮ್ಮ ಲಾಭವಾಗಿ ಕಾಣಿಸಿಕೊಂಡು, ಶೇ 12.5ರ ದರದಲ್ಲಿ 3 ಲಕ್ಷ 50 ಸಾವಿರ ತೆರಿಗೆ ಬೀಳುತ್ತದೆ. ಮಾರುವವರು ತಪ್ಪಿಸಿಕೊಂಡ ತೆರಿಗೆಯನ್ನು ಮುಂದೆ ನಾವು ಕಟ್ಟುತ್ತೇವೆ. ನಡುವೆ ಹಕ್ಕಿನ ವಿಷಯದಲ್ಲಿ ವ್ಯಾಜ್ಯ ಎದ್ದು ಕ್ರಯ ರದ್ದಾದರೆ ನ್ಯಾಯಾಲಯದಲ್ಲಿ ಕೇಳಲು ಆಧಾರವಿರುವುದು ಎಂಬತ್ತಕ್ಕೆ ಮಾತ್ರ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ನಗದು ಪಡೆಯುವುದು 2015ರಿಂದಲೇ ನಿಷಿದ್ಧ ಎಂಬುದು ಬೇರೆ.

ಮಾರುವವರ ತೆರಿಗೆಯ ಭಯವೂ ಬಹುಮಟ್ಟಿಗೆ ಉತ್ಪ್ರೇಕ್ಷಿತ. 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಯನ್ನು ಮಾರುವ ನಿವಾಸಿ ವ್ಯಕ್ತಿಗಳಿಗೆ, ಹಣದುಬ್ಬರದ ಹೊಂದಾಣಿಕೆಯೊಡನೆ ಶೇ 20 ಅಥವಾ ಅದಿಲ್ಲದೆ ಶೇ 12.5, ಯಾವುದರಿಂದ ತೆರಿಗೆ ಕಡಿಮೆಯಾಗುವುದೋ ಅದರಂತೆ ಕಟ್ಟುವ ಅನುಕೂಲವನ್ನು ಕಾನೂನು ಕೊಟ್ಟಿದೆ. ಮನೆ ಮಾರಿದ ಲಾಭವನ್ನು ಗೊತ್ತಾದ ಅವಧಿಯೊಳಗೆ ಇನ್ನೊಂದು ಮನೆಗೆ ತೊಡಗಿಸಿದರೆ ವಿನಾಯಿತಿಯೂ ಇದೆ. ಎಷ್ಟೋ ಹಿರಿಯರು ಲೆಕ್ಕಪರಿಶೋಧಕರ ಬಳಿ ಒಮ್ಮೆ ಹೋಗಿ ಕೇಳದೆ, ದಲ್ಲಾಳಿಯ ಮಾತು ನಂಬಿ ನಗದಿಗೆ ಪಟ್ಟು ಹಿಡಿಯುತ್ತಾರೆ. ಅವರೊಡನೆ ಕೂತು ಈ ಲೆಕ್ಕವನ್ನು ತೋರಿಸುವುದೂ ಬೆಲೆಯ ಮಾತುಕತೆಯ ಭಾಗವೇ. ಅದರಿಂದ ಅವರ ಕೈಗೆ ಉಳಿಯುವ ಹಣ ಸ್ಪಷ್ಟವಾದರೆ ಕೇಳಿದ ಬೆಲೆ ತಾನಾಗಿ ಸಡಿಲವಾಗುತ್ತದೆ.

ಬೆಲೆ ಇಳಿಸಿಕೊಂಡು ಸರಿದೂಗಿಸಬಾರದ ಲೋಪಗಳೂ ಉಂಟು. ಒ.ಸಿ. ಎಂದು ಎಲ್ಲರೂ ಕರೆಯುವ ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡ, ಬರೀ ಜಿ.ಪಿ.ಎ. ಮೇಲೆ ಕೈ ಬದಲಾಯಿಸಿದ ಆಸ್ತಿ, ಇಂಥವನ್ನು ‘ಸ್ವಲ್ಪ ಕಡಿಮೆಗೆ ಸಿಗುತ್ತದೆ’ ಎಂದು ಕೊಳ್ಳುವುದು ಅಪಾಯಕರ. ಜಿ.ಪಿ.ಎ. ಮೂಲಕ ಹಕ್ಕು ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲೇ ಹೇಳಿದೆ. ಒ.ಸಿ. ಪರಿಶೀಲಿಸಿದ ಮೇಲಷ್ಟೇ ಬ್ಯಾಂಕುಗಳು ಸಾಲ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ನಿರ್ದೇಶಿಸಿತು. ದಕ್ಷಿಣ ದಿಕ್ಕಿನ ಬಾಗಿಲೆಂದು ವಾಸ್ತುವಿನ ಕಾರಣಕ್ಕೆ ಕಡಿಮೆಗೆ ಬರುವ ಮನೆ ಇದಕ್ಕೆ ತದ್ವಿರುದ್ಧ. ನಂಬಿಕೆ ಇಲ್ಲದವರಿಗೆ ಅದು ಲಾಭವೇ, ಆದರೆ ಮಾರುವ ದಿನ ಅದೇ ರಿಯಾಯಿತಿಯನ್ನು ತಾವೂ ಕೊಡಬೇಕಾಗುತ್ತದೆಂಬುದು ನೆನಪಿರಲಿ. ನೀರಿನ ಮೂಲವನ್ನು ವಿಚಾರಿಸದೆ ಬೆಲೆ ಹೇಳುವುದಂತೂ 2024ರ ಬೇಸಿಗೆಯನ್ನು ಕಂಡ ಬೆಂಗಳೂರಿಗರು ಮಾಡಬಾರದ ಕೆಲಸ. ಮೆಟ್ರೊ ಬರುತ್ತದೆಂಬ ಕಾರಣಕ್ಕೆ ಕೇಳುವ ಹೆಚ್ಚಳವನ್ನು ರೈಲು ಓಡುವ ಮುನ್ನವೇ ಪೂರ್ತಿಯಾಗಿ ಕೊಡಬೇಕಾಗಿಲ್ಲ. ಬೊಮ್ಮಸಂದ್ರದ ಹಳದಿ ಮಾರ್ಗ ಹಲವು ಗಡುವುಗಳನ್ನು ದಾಟಿ 2025ರ ಆಗಸ್ಟ್‌ನಲ್ಲಿ ತೆರೆಯಿತು. ಅಷ್ಟೂ ವರ್ಷ ಆ ದಾರಿಯ ಮನೆಗಳು ಮೆಟ್ರೊ ದರದಲ್ಲೇ ಬಿಕರಿಯಾಗುತ್ತಿದ್ದವು.

ಪ್ರಸ್ತಾಪವನ್ನು ಮುಂದಿಡುವ ಕ್ರಮದಲ್ಲೂ ಒಂದು ಮರ್ಯಾದೆ ಇದೆ. ಆಗುವುದಾದರೆ ಮಾಲೀಕರೊಡನೆ ನೇರವಾಗಿ ಮಾತನಾಡಬೇಕು. ದಲ್ಲಾಳಿಗೆ ಐದು ಲಕ್ಷದ ಏರಿಳಿತದಿಂದ ಬರುವ ವ್ಯತ್ಯಾಸ ಐದು ಸಾವಿರ. ವ್ಯವಹಾರ ಮುರಿದರೆ ಒಂದು ಲಕ್ಷವೇ ಹೋಯಿತು. ಬೇಗ ಮುಗಿಯಲಿ ಎಂಬುದೇ ಅವರ ಹಿತ, ಅದು ತಪ್ಪೇನಲ್ಲ. ಮನೆಯನ್ನು ಹೀಗಳೆದು ಬೆಲೆ ಇಳಿಸಲು ಹೋಗುವುದು ಅವಿವೇಕ; ಮೂವತ್ತು ವರ್ಷ ಬಾಳಿದ ಮನೆಯ ಗೋಡೆಯನ್ನು ಬೆರಳಿನಿಂದ ಕೆರೆದು ತೋರಿಸಿದವರಿಗೆ ಯಾವ ಗೃಹಿಣಿಯೂ ಒಂದು ರೂಪಾಯಿ ಬಿಡುವುದಿಲ್ಲ. ಬದಲಿಗೆ ‘ಕೆಳಗಿನ ಮನೆ ಇಷ್ಟಕ್ಕೆ ಹೋಗಿದೆ, ದುರಸ್ತಿಗೆ ಇಷ್ಟು ಬೇಕು, ಬ್ಯಾಂಕಿನ ಮಂಜೂರಾತಿ ಕೈಯಲ್ಲಿದೆ, ನಲವತ್ತೈದು ದಿನದಲ್ಲಿ ಪೂರ್ಣ ಹಣ ನಿಮ್ಮ ಖಾತೆಗೆ ಬರುತ್ತದೆ’ ಎಂದು ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಹತ್ತು ದಿನದ ಅವಧಿ ಹೇಳಬೇಕು. ದಾಖಲೆಗಳಲ್ಲಿ ದೋಷ ಕಂಡುಬಂದರೆ ಮುಂಗಡ ಹಿಂತಿರುಗಬೇಕೆಂಬುದು ಕರಾರಿನಲ್ಲಿರಬೇಕು. 50 ಲಕ್ಷ ಮತ್ತು ಮೇಲ್ಪಟ್ಟ ಕ್ರಯದಲ್ಲಿ ಶೇ 1ರಷ್ಟು ತೆರಿಗೆಯನ್ನು ಕೊಳ್ಳುವವರೇ ಮುರಿದುಕೊಂಡು ಕಟ್ಟಬೇಕೆಂಬುದನ್ನೂ ಮೊದಲೇ ತಿಳಿಸಿದರೆ ಕೊನೆಯ ದಿನದ ಜಗಳ ತಪ್ಪುತ್ತದೆ. ಮಾತುಕತೆಯನ್ನು ಆಷಾಢದಲ್ಲಿ ನಡೆಸಿ ನೋಂದಣಿಯನ್ನು ಶ್ರಾವಣಕ್ಕಿಡುವ ಜಾಣರೂ ಇದ್ದಾರೆ. ಕೊಳ್ಳುವವರು ಕಡಿಮೆ ಇರುವ ತಿಂಗಳಲ್ಲಿ ಮಾರುವವರ ಕಿವಿ ತೆರೆದಿರುತ್ತದೆ.

ಬಿಲ್ಡರುಗಳಿಂದ ಕೊಳ್ಳುವಾಗಿನ ಮಾತು ಬೇರೆ. ಅವರು ಚದರಡಿ ದರವನ್ನು ಇಳಿಸುವುದಿಲ್ಲ, ಇಳಿಸಿದರೆ ಉಳಿದ ನೂರು ಗಿರಾಕಿಗಳೂ ಅದನ್ನೇ ಕೇಳುತ್ತಾರೆ. ಕಾರು ನಿಲುಗಡೆ, ಕ್ಲಬ್ಬಿನ ಶುಲ್ಕ, ಮೇಲಂತಸ್ತಿನ ಹೆಚ್ಚುವರಿ ದರ ಇವುಗಳಲ್ಲಿ ಬಿಟ್ಟುಕೊಡುತ್ತಾರೆ. ನಿರ್ಮಾಣ ಹಂತದ ಫ್ಲ್ಯಾಟಿಗೆ ಶೇ 5ರ ಜಿಎಸ್‌ಟಿ ಇದೆ, ಪೂರ್ಣಗೊಂಡು ಪ್ರಮಾಣಪತ್ರ ಪಡೆದದ್ದಕ್ಕೆ ಇಲ್ಲ ಎಂಬುದನ್ನು ಹೋಲಿಕೆಯಲ್ಲಿ ಮರೆಯಬಾರದು.

ಮೇಲಿನ ಲೆಕ್ಕದಲ್ಲಿ ಒಂದು ಕೊಂಡಿ ದುರ್ಬಲವಾಗಿದೆಯೆಂದು ಎಚ್ಚರದ ಓದುಗರು ಗಮನಿಸಿರಬಹುದು. ಕೆಳಗಿನ ಅಂತಸ್ತಿನ ಫ್ಲ್ಯಾಟು ನಿಜವಾಗಿ ಎಷ್ಟಕ್ಕೆ ಹೋಯಿತೆಂದು ನಮಗೆ ತಿಳಿಯುವುದು ಹೇಗೆ? ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ ಪಡೆದರೆ ಆಯಾ ಆಸ್ತಿಯ ಹಿಂದಿನ ಕ್ರಯಗಳು, ಅವುಗಳ ಮೊತ್ತ ಕಾಣುತ್ತವೆ. ಅಗತ್ಯವಿದ್ದರೆ ಕ್ರಯಪತ್ರದ ದೃಢೀಕೃತ ನಕಲನ್ನೂ ಪಡೆಯಬಹುದು. ಆದರೆ ಹೀಗೆ ಒಂದೊಂದೇ ಆಸ್ತಿಯನ್ನು ಗುರುತಿಸಿ, ಶುಲ್ಕ ಕಟ್ಟಿ ಹುಡುಕುವವರು ಎಷ್ಟು ಮಂದಿ? ಹುಡುಕಿದರೂ ಅಲ್ಲಿ ಕಾಣುವ ಮೊತ್ತ ಅನೇಕ ಬಾರಿ ಮಾರ್ಗಸೂಚಿ ದರದ ಪಕ್ಕದಲ್ಲೇ ನಿಂತಿರುತ್ತದೆ, ನಗದಿನ ಭಾಗ ಕಾಣುವುದಿಲ್ಲ. ಬೆಂಗಳೂರೂ ಸೇರಿದಂತೆ ಪ್ರಮುಖ ನಗರಗಳಿಗೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಮನೆ ಬೆಲೆ ಸೂಚ್ಯಂಕಕ್ಕೂ ಈ ನೋಂದಣಿಯ ಅಂಕಿಅಂಶವೇ ಮೂಲ. ರಾಷ್ಟ್ರೀಯ ವಸತಿ ಬ್ಯಾಂಕ್ 2007ರಲ್ಲಿ ಆರಂಭಿಸಿದ ರೆಸಿಡೆಕ್ಸ್ ಕೂಡ ನಗರದ ಸರಾಸರಿಯನ್ನು ಹೇಳಬಲ್ಲುದೇ ಹೊರತು ಮೂರನೇ ಅಡ್ಡರಸ್ತೆಯ ಮನೆಯ ಬಗ್ಗೆ ಏನೂ ಹೇಳಲಾರದು.

ಸುಳ್ಳು ಬೆಲೆಯ ಈ ಅಭ್ಯಾಸಕ್ಕೆ ತೆತ್ತ ದಂಡವನ್ನು ಸರ್ಕಾರಿ ಸೇವೆಯಲ್ಲಿದ್ದವರು ಭೂಸ್ವಾಧೀನದ ಕಡತಗಳಲ್ಲಿ ಕಂಡಿರುತ್ತಾರೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪರಿಹಾರದ ಲೆಕ್ಕಕ್ಕೆ ಆಧಾರವಾಗುವುದರಲ್ಲಿ ಅಕ್ಕಪಕ್ಕದ ಜಮೀನುಗಳ ಹಿಂದಿನ ಮೂರು ವರ್ಷಗಳ ನೋಂದಾಯಿತ ಕ್ರಯಪತ್ರಗಳೂ ಸೇರಿವೆ. ರಸ್ತೆಗೋ ಕೈಗಾರಿಕೆಗೋ ನೆಲ ಕಳೆದುಕೊಳ್ಳುವ ರೈತ ‘ಇಲ್ಲಿ ಎಕರೆಗೆ ಕೋಟಿ ಇದೆ’ ಎಂದು ಅಂಗಲಾಚುತ್ತಾನೆ. ಕಡತದಲ್ಲಿರುವ ಪತ್ರಗಳು ಇಪ್ಪತ್ತು ಲಕ್ಷ ಎನ್ನುತ್ತವೆ. ಆ ಪತ್ರಗಳನ್ನು ಬರೆಸಿದವರು ಬೇರೆ ಯಾರೋ. ಅದರ ಫಲ ಉಣ್ಣುವವನು ಅವನು. ಅಧಿಕಾರಿಗೆ ಕನಿಕರವಿದ್ದರೂ ಕಾಗದ ಬಿಟ್ಟು ನಡೆಯುವಂತಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1995ರಿಂದೀಚೆಗೆ ನಡೆದ ಮನೆ ಮಾರಾಟಗಳ ಬೆಲೆಯನ್ನು ಅಲ್ಲಿನ ಭೂ ನೋಂದಣಿ ಇಲಾಖೆ ವಿಳಾಸವಾರು ಬಹಿರಂಗವಾಗಿಟ್ಟಿದೆ. ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಸಿಂಗಪುರದ ಸರ್ಕಾರಿ ವಸತಿ ಮಂಡಳಿ ಮರುಮಾರಾಟದ ಫ್ಲ್ಯಾಟುಗಳ ಬೆಲೆಯನ್ನು ಪ್ರಕಟಿಸುತ್ತದೆ. ಅಲ್ಲಿ ಮಾಲೀಕರು ಎಷ್ಟು ಬೇಕಾದರೂ ಕೇಳಬಹುದು, ಆದರೆ ಹಿಂದಿನ ರಸ್ತೆಯ ಮನೆ ಎಷ್ಟಕ್ಕೆ ಹೋಯಿತೆಂದು ಕಥೆ ಹೇಳುವಂತಿಲ್ಲ. ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಈಗಾಗಲೇ ಸಿದ್ಧವಾಗಿದೆ. 2023ರಿಂದ ಕಾವೇರಿ 2.0 ವ್ಯವಸ್ಥೆ ನಡೆಯುತ್ತಿದೆ. 2024ರಿಂದ ಬೆಂಗಳೂರಿನಲ್ಲಿ ಇ-ಖಾತೆ ಇಲ್ಲದೆ ಆಸ್ತಿ ನೋಂದಣಿ ಇಲ್ಲ. ಅಂದರೆ ಯಾವ ಫ್ಲ್ಯಾಟು, ಎಷ್ಟು ವಿಸ್ತೀರ್ಣ, ಯಾವ ದಿನ, ಎಷ್ಟು ಮೊತ್ತ ಎಂಬುದೆಲ್ಲ ಒಂದೇ ಕಡೆ ಕಂಪ್ಯೂಟರಿನಲ್ಲಿದೆ. ಕೊಂಡವರ, ಮಾರಿದವರ ಹೆಸರುಗಳನ್ನು ತೆಗೆದು, ರಸ್ತೆ ಮತ್ತು ವಿಸ್ತೀರ್ಣದ ವಿವರದೊಡನೆ ಪ್ರತಿ ತಿಂಗಳೂ ಪ್ರಕಟಿಸಲು ಹೊಸ ಕಾನೂನಿಗಿಂತ ಹೆಚ್ಚಾಗಿ ಮನಸ್ಸು ಬೇಕು.

ಪತ್ರದ ಬೆಲೆಗಳೇ ಸುಳ್ಳಾಗಿರುವಾಗ ಪ್ರಕಟಿಸಿ ಏನು ಪ್ರಯೋಜನ ಎಂದು ಇಲಾಖೆಯವರು ಕೇಳಬಹುದು. ಪ್ರಕಟವಾಗದಿರುವುದೇ ಅವು ಸುಳ್ಳಾಗಲು ಇರುವ ಅನುಕೂಲಗಳಲ್ಲಿ ಒಂದು. ತಮ್ಮ ಕಟ್ಟಡದ ಹದಿನಾರು ಫ್ಲ್ಯಾಟುಗಳಲ್ಲಿ ಮೂರು ಎಂಬತ್ತು ಲಕ್ಷಕ್ಕೆ ನೋಂದಣಿಯಾಗಿವೆ ಎಂದು ಊರಿಗೆಲ್ಲ ಕಾಣುವಂತಾದರೆ, ನಾಲ್ಕನೆಯವರಿಗೆ ಒಂದು ಕೋಟಿ ಇಪ್ಪತ್ತು ಲಕ್ಷ ಕೇಳುವುದು ಕಷ್ಟವಾಗುತ್ತದೆ. ಪೂರ್ಣ ಬೆಲೆಯನ್ನು ಬರೆಸುವುದರಲ್ಲಿ ಆಗ ಮಾರುವವರಿಗೂ ಆಸಕ್ತಿ ಹುಟ್ಟುತ್ತದೆ. ಶೇ 7.6ರ ಹೊರೆಯನ್ನು ಸ್ವಲ್ಪ ಇಳಿಸಿ, ಅದರ ಜೊತೆಗೇ ಬೆಲೆಗಳನ್ನು ಬಹಿರಂಗಪಡಿಸಿದರೆ ಬೊಕ್ಕಸಕ್ಕೆ ನಷ್ಟವಾಗಲಾರದೆಂದು ನನ್ನ ಅಂದಾಜು. ಮುಂದಿನ ಆಯವ್ಯಯದ ಹೊತ್ತಿಗೆ ಒಂದು ಜಿಲ್ಲೆಯಲ್ಲಾದರೂ, ಬೆಂಗಳೂರಿನ ಒಂದು ಉಪನೋಂದಣಿ ಕಚೇರಿಯ ವ್ಯಾಪ್ತಿಯಲ್ಲಾದರೂ ಇದನ್ನು ಒಂದು ವರ್ಷ ಮಾಡಿ ನೋಡಲು ಕಂದಾಯ ಸಚಿವಾಲಯಕ್ಕೆ ಅಡ್ಡಿ ಏನಿದೆ?